ಆ ಸರ್ಟಿಫಿಕೇಟಿನಲ್ಲಿ ನಿನ್ನ ಹೆಸರು

ದೋಸ್ತ,

ಕಲಬುರಗಿಯಲ್ಲಿ ಬಿಸಿಲು ಆಗಲೇ ಶುರುವಾಗಿದೆ. ಮನೆಯಲ್ಲಿ ಎಲ್ಲರೂ ಆರಾಮ. ಇವತ್ತು ಬರೆಯಬೇಕೆಂದು ಕೂತದ್ದು ಬೇರೆ ವಿಷಯಕ್ಕೆ.

ಹೋದ ವಾರ ನಮ್ಮ ಶಾಲೆಯ ವರಾಂಡದಲ್ಲಿ ಒಂಬತ್ತನೇ ಕ್ಲಾಸಿನ ಇಬ್ಬರು ಹುಡುಗರು ಕೂತಿದ್ದರು. ಒಬ್ಬ ಊಟದ ತಟ್ಟೆ ಬೋರಲು ಹಾಕಿ ಎರಡು ಬೆರಳಲ್ಲಿ ಬಾರಿಸುತ್ತಿದ್ದ. ಇನ್ನೊಬ್ಬ ಕಣ್ಣು ಮುಚ್ಚಿ ಒಂದು ರಾಗ ಎಳೆಯುತ್ತಿದ್ದ. ಕೇಳಿ ಮೈ ಜುಮ್ಮೆಂದಿತು. 'ಗ್ಯಾಂಗ್‌ಸ್ಟಾಸ್ ಪ್ಯಾರಡೈಸ್'! "ಯಾವ ಹಾಡೋ ಇದು?" ಎಂದೆ. "ಗೊತ್ತಿಲ್ರಿ ಸರ, ರೀಲ್ಸ್‌ನ್ಯಾಗ ಬಂದಿತ್ರಿ" ಎಂದ.

ನೆನಪಿದೆ ಅಲ್ವಾ? 1997, ಹಾಸ್ಟೆಲ್ ಮಾಳಿಗೆ, ನಿಮ್ಮಣ್ಣ ಹೈದರಾಬಾದಿನಿಂದ ತಂದ ಕ್ಯಾಸೆಟ್ಟು. ಅಮೆರಿಕದ ರ‍್ಯಾಪ್ ಹಾಡು ಅದು. ರ‍್ಯಾಪರ್ ಕೂಲಿಯೊ ತಾಳಕ್ಕೆ ಹೇಳುವ ಮಾತು ನನ್ನ ಪಾಲು, ಗಾಯಕ ಎಲ್.ವಿ. ಹಾಡುವ ಪಲ್ಲವಿ ನಿನ್ನ ಪಾಲು. ಪಿಸ್ತೂಲು, ಗತ್ತು, ಇಷ್ಟೇ ಅದರ ಅರ್ಥ ಅಂದುಕೊಂಡಿದ್ದೆ.

ಈಗ ಸಾಲು ಸಾಲಾಗಿ ಕೇಳಿದೆ. ಆ ಹಾಡಿನ ತುಂಬ ಭಯ ಇದೆ ಕಣೋ. ಮೊದಲ ಸಾಲೇ ಬೈಬಲ್ಲಿನ 23ನೇ ಕೀರ್ತನೆಯದು. ಸಾವಿನ ನೆರಳಿನ ಕಣಿವೆಯಲ್ಲಿ ನಡೆಯುತ್ತಿದ್ದೇನೆ ಅನ್ನುತ್ತಾನೆ ಹಾಡಿನೊಳಗಿನ ಹುಡುಗ. ಕೀರ್ತನೆಯಲ್ಲಿ ಮುಂದಿನ ಮಾತು, ನಾನು ಹೆದರುವುದಿಲ್ಲ ಅಂತ. ಇವನು ಆ ಮಾತಿಗೆ ಹೋಗುವುದೇ ಇಲ್ಲ. ತನ್ನ ಬದುಕಿನ ಕಡೆ ನೋಡಿಕೊಂಡು, ಉಳಿದದ್ದು ಹೆಚ್ಚೇನಿಲ್ಲ ಅನ್ನುತ್ತಾನೆ. 23 ಆಯಿತು, 24 ಕಾಣುತ್ತೇನೋ ಇಲ್ಲವೋ ಅನ್ನುತ್ತಾನೆ. ಕಲಿ ಅನ್ನುವವರಿದ್ದಾರೆ, ಕಲಿಸುವವರು ಯಾರೂ ಇಲ್ಲ ಅನ್ನುತ್ತಾನೆ. ಮೇಷ್ಟ್ರಾಗಿ ಇಷ್ಟು ವರ್ಷ ಕಳೆದ ಮೇಲೆ ಆ ಸಾಲು ಕೇಳಿದರೆ ಕರುಳು ಚುರ್ ಅನ್ನುತ್ತದೆ. ಹಾಡು ಬಂದದ್ದೂ ಒಬ್ಬ ಟೀಚರಮ್ಮನ ಕತೆಗೇ. 1995ರ ಸಿನಿಮಾ, 'ಡೇಂಜರಸ್ ಮೈಂಡ್ಸ್'. ಸೈನ್ಯ ಬಿಟ್ಟು ಬಂದು ಪಾಠ ಹೇಳುವ ಪಾತ್ರ ಮಿಶೆಲ್ ಫೈಫರ್ ಅವರದು.

ರಾಗದ ಮೂಲ ಅಮೆರಿಕದ ಗಾಯಕ ಸ್ಟೀವಿ ವಂಡರ್ 1976ರಲ್ಲಿ ಮಾಡಿದ ಹಾಡು. ಬೈಗುಳ ತೆಗೆದರೆ ಮಾತ್ರ ಒಪ್ಪಿಗೆ ಅಂದರು ವಂಡರ್. ತೆಗೆದರು. ಅದರಿಂದ ಹಾಡು ಇನ್ನೂ ಗಟ್ಟಿಯಾಯಿತು ಅಂತಲೇ ನನಗನಿಸುತ್ತದೆ.

ನಾನು ಹೇಳಹೊರಟದ್ದು ಎಲ್.ವಿ. ಬಗ್ಗೆ. ಕೂಲಿಯೊ ಬರುವ ಮೊದಲೇ ಸಂಗೀತ ನಿರ್ಮಾಪಕ ಡಗ್ ರಶೀದ್ ಜೊತೆ ಸೇರಿ ಹಾಡಿಗೆ ಕೈಹಚ್ಚಿದ್ದವರು ಅವರು. ನಮ್ಮ ಕಡೆ ಅಮಾವಾಸ್ಯೆ ಭಜನೆಯಲ್ಲಿ ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುವಾಗ ಮುಂದೆ ಕೂತವರು ಒಂದು ನುಡಿ ಮುಗಿಸಿ ಉಸಿರು ತಗೊಳ್ಳುತ್ತಾರೆ. ಆಗ ಹಿಂದಿನವರು ಪಲ್ಲವಿ ಎತ್ತದಿದ್ದರೆ ದಮ್ಮಡಿ ಸುಮ್ನೆ ಬಡಕೊಳ್ಳುತ್ತಿರುತ್ತದೆ. ಎಲ್.ವಿ. ಹಾಡದಿದ್ದರೆ ಇಲ್ಲೂ ಅಷ್ಟೇ.

ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 1995ರ ಇಡೀ ವರ್ಷಕ್ಕೆ ಮೊದಲನೆಯದಾಯಿತು. ಮುಂದಿನ ವರ್ಷ ಗ್ರ್ಯಾಮಿ ಪ್ರಶಸ್ತಿ ಬಂತು. ಯಾವ ವಿಭಾಗದಲ್ಲಿ ಗೊತ್ತಾ? ಒಬ್ಬರೇ ಹಾಡಿದ ರ‍್ಯಾಪ್. ಕೂಲಿಯೊ ಅವರಿಗೆ. 2022ರಲ್ಲಿ ಕೂಲಿಯೊ ತೀರಿಕೊಂಡಾಗ ನಾನೂ ಅವರ ಫೋಟೊ ಸ್ಟೇಟಸ್‌ಗೆ ಹಾಕಿದ್ದೆ. ಎಲ್.ವಿ. ನೆನಪೇ ಆಗಲಿಲ್ಲ.

ಇದು ಗೊತ್ತಾದ ರಾತ್ರಿ ನಿದ್ದೆ ಹತ್ತಲಿಲ್ಲ. ನಮ್ಮ ಹಾಸ್ಟೆಲ್ ಡೇ ನೆನಪಾಯಿತು. ಹಾಡಿದ್ದು ಇಬ್ಬರೂ. ಸರ್ಟಿಫಿಕೇಟಿನಲ್ಲಿ ಇದ್ದದ್ದು ನನ್ನ ಹೆಸರೊಂದೇ. ನೀನು ಕೆಳಗೆ ನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದೆ. ಅಲ್ಲೇ ಒಂದು ಮಾತು ಹೇಳಿದ್ದರೆ ಬರೆದುಕೊಡುತ್ತಿದ್ದರು. ನಾನು ಹೇಳಲಿಲ್ಲ. ಆಮೇಲೂ ಎಂದೂ ಹೇಳಲಿಲ್ಲ. ತಪ್ಪಾಯಿತು ಕಣೋ.

ನಿನ್ನೆ ಟ್ರಂಕಿನಿಂದ ಅದನ್ನು ತೆಗೆದೆ. ನೀಲಿ ಇಂಕು ಮಸುಕಾಗಿದೆ. ನನ್ನ ಹೆಸರಿನ ಮುಂದೆ ನಿನ್ನ ಹೆಸರು ಬರೆದೆ. ಜಾಗ ಸಾಲದೆ ಕೊನೆಯ ಎರಡು ಅಕ್ಷರ ಗೆರೆಯ ಆಚೆ ಹೋದವು. ನಾಲ್ಕು ಜನ ಓದಲಿ ಅಂತಲೇ ಈ ಪತ್ರ ಎಲ್ಲರೆದುರು ಹಾಕುತ್ತಿದ್ದೇನೆ.

ಹೋಳಿ ಆದ ಮೇಲೆ ಶರಣಬಸವೇಶ್ವರ ಜಾತ್ರೆಗೆ ಬಾ. ಒಂದು ದಿನ ಜಾಸ್ತಿ ಇರುವ ಹಾಗೆ ಬಾ. ಆ ರಾಗ ಎಳೆಯುವ ಹುಡುಗನನ್ನು ನಿನಗೆ ತೋರಿಸಬೇಕು. ಪಲ್ಲವಿಯ ಕೊನೆಗೆ ಅವನ ದನಿ ಸ್ವಲ್ಪ ಜಾರುತ್ತದೆ. ನಿನ್ನದೂ ಅಲ್ಲೇ ಜಾರುತ್ತಿತ್ತು.

ನಿನ್ನ ದೋಸ್ತ