ಕಲ್ಲು ಎತ್ತುವ ಮೊದಲು

ಮಾನ್ಯ ಸಂಪಾದಕರೇ,

‘ಅವರವರ ಸತ್ಯ ಅವರವರಿಗೆ, ಯಾವುದೂ ತಪ್ಪಲ್ಲ’ ಎನ್ನುವ ಮಾತು ಕಾರವಾರದ ನಮ್ಮ ಕ್ರೈಸ್ತ ಯುವಕರಲ್ಲೂ ಈಗ ಜಾಸ್ತಿ ಕೇಳಿಸುತ್ತಿದೆ. ಕೆಲವು ಹಿರಿಯರು ಇದಕ್ಕೆ ಬೈಗುಳದಲ್ಲೇ ಉತ್ತರ ಕೊಡುತ್ತಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ.

ಬೈಬಲಿನ ಯೋಹಾನನ ಸುವಾರ್ತೆಯ 8ನೇ ಅಧ್ಯಾಯ ನೋಡಿ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸನ್ನು ಧರ್ಮಶಾಸ್ತ್ರಿಗಳು ಯೇಸುಸ್ವಾಮಿಯ ಮುಂದೆ ತಂದು ನಿಲ್ಲಿಸಿ, ಇಂಥವಳನ್ನು ಕಲ್ಲೆಸೆದು ಕೊಲ್ಲಬೇಕೆಂದು ಶಾಸ್ತ್ರ ಹೇಳುತ್ತದೆ, ನೀವೇನು ಹೇಳುತ್ತೀರಿ ಎನ್ನುತ್ತಾರೆ. ಜೊತೆಗಿದ್ದ ಗಂಡಸನ್ನು ಯಾರೂ ತರಲಿಲ್ಲ ಅಲ್ವಾ? ಪಾಪ ಮಾಡದವನು ಮೊದಲ ಕಲ್ಲು ಎಸೆಯಲಿ ಎಂದು ಯೇಸುಸ್ವಾಮಿ ಹೇಳಿದಾಗ, ಹಿರಿಯರಿಂದ ಹಿಡಿದು ಒಬ್ಬೊಬ್ಬರೇ ಜಾಗ ಖಾಲಿ ಮಾಡುತ್ತಾರೆ. ಯೇಸುಸ್ವಾಮಿ ಅವಳಿಗೆ ಶಿಕ್ಷೆ ಕೊಡುವುದಿಲ್ಲ. ಹಾಗಂತ ಸುಮ್ನೆ ಕಳಿಸುವುದೂ ಇಲ್ಲ. ಇನ್ನು ಮೇಲೆ ಪಾಪ ಮಾಡಬೇಡ ಎನ್ನುತ್ತಾರೆ. ತಪ್ಪು ತಪ್ಪಾಗಿಯೇ ಉಳಿಯಿತು, ಅವಳ ಮಾನವೂ ಉಳಿಯಿತು.

ನಮ್ಮಲ್ಲಿ ಗಂಡನ ಮನೆ ಬಿಟ್ಟು ಬಂದ ಹೆಣ್ಣುಮಗಳು, ಕುಡಿತ ಬಿಡಲಾಗದವನು ಚರ್ಚಿನ ಹಿಂದಿನ ಬೆಂಚಿಗೆ ಸರಿಯುತ್ತಾರೆ. ಅವರನ್ನು ಅಲ್ಲಿಗೆ ತಳ್ಳುವುದು ಮುಂದೆ ಕೂತ ನಮ್ಮ ನೋಟ. ಇದು ನನಗೆ ತುಂಬ ನೋವಿನ ವಿಷಯ.

1976ರಲ್ಲಿ ಸ್ಥಾಪನೆಯಾದ ಕಾರವಾರ ಧರ್ಮಪ್ರಾಂತ್ಯದ ಗುರುಗಳಲ್ಲಿ ಒಂದು ವಿನಂತಿ. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ಈ ಅಧ್ಯಾಯವನ್ನು ಯುವಕರ ಜೊತೆ ಕೂತು ಓದಿ. ಅವರ ಪ್ರಶ್ನೆಗಳನ್ನು ಪೂರ್ತಿ ಕೇಳಿ. ಹಿರಿಯರನ್ನೂ ಕರೆಯಿರಿ.

– ಓರ್ವ ಕ್ರೈಸ್ತ ಓದುಗ, ಕಾರವಾರ