ಖಿನ್ನತೆಯ ಮಾತ್ರೆಗಿಂತ ತಪ್ಪು ಕಲ್ಪನೆಯೇ ಅಪಾಯಕಾರಿ

ಮಾನ್ಯ ಸಂಪಾದಕರೇ,

ಒತ್ತಡವೇ ಕಾಯಿಲೆಯಲ್ಲ. ಪರೀಕ್ಷೆಯೋ ಸಾಲವೋ ಎದುರಾದಾಗ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಏರಿ ಎದೆಬಡಿತ ಹೆಚ್ಚುತ್ತದೆ. ಕಾರಣ ಕಳೆದ ಮೇಲೆ ಇಳಿಯುತ್ತದೆ. ತಿಂಗಳುಗಟ್ಟಲೆ ಇಳಿಯದಿದ್ದರೆ ನಿದ್ದೆ, ರಕ್ತದೊತ್ತಡ ಎಲ್ಲವೂ ಕೆಡುತ್ತವೆ.

ಬೇಸರ ಅಥವಾ ನಿರಾಸಕ್ತಿ ದಿನದ ಬಹುಪಾಲು, 2 ವಾರ ಬಿಡದೆ ಕಾಡಿ, ಜೊತೆಗೆ ನಿದ್ದೆ, ಹಸಿವು, ಏಕಾಗ್ರತೆಯೂ ಏರುಪೇರಾದರೆ ಅದು ಖಿನ್ನತೆ ಇರಬಹುದು. ಥೈರಾಯ್ಡ್ ಕೊರತೆಯಲ್ಲೂ ಹೀಗಾಗುವುದುಂಟು, ಆದ್ದರಿಂದ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು. ‘ಮನಸ್ಸು ಗಟ್ಟಿ ಮಾಡ್ಕೊ’ ಎಂಬ ಬುದ್ಧಿವಾದ ಇಲ್ಲಿ ನಾಟುವುದಿಲ್ಲ. ತನ್ನದೇ ತಪ್ಪೆಂಬ ಕೊರಗನ್ನು ಹೆಚ್ಚಿಸುತ್ತದೆ, ಅಷ್ಟೇ.

ಹೆಚ್ಚು ಹಾನಿ ಮಾಡುತ್ತಿರುವುದು ಮಾತ್ರೆಯ ಭಯ. ಖಿನ್ನತೆಯ ಔಷಧ ಫಲ ಕೊಡಲು ಸಾಮಾನ್ಯವಾಗಿ 2ರಿಂದ 6 ವಾರ ಬೇಕು. ವಾಕರಿಕೆ, ತಲೆನೋವು ಮಾತ್ರ ಮೊದಲ ವಾರವೇ ಬರಬಹುದು. ಹಾಗಾಗಿ ಅನೇಕರು ಗುಣ ಕಾಣುವ ಮೊದಲೇ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಚೇತರಿಸಿಕೊಂಡ ಕೂಡಲೇ ನಿಲ್ಲಿಸಿ, ತಲೆಸುತ್ತು, ಕಿರಿಕಿರಿ ಶುರುವಾದಾಗ ‘ಚಟ ಹಿಡಿಯಿತು’ ಎನ್ನುತ್ತಾರೆ. ಅದು ಚಟವಲ್ಲ, ಥಟ್ಟನೆ ನಿಲ್ಲಿಸಿದ್ದರ ಪರಿಣಾಮ. ಗುಣವಾದ ಮೇಲೂ ಕನಿಷ್ಠ 6 ತಿಂಗಳು ಮುಂದುವರಿಸಿ, ವೈದ್ಯರು ಹೇಳಿದಂತೆ ಹಂತಹಂತವಾಗಿ ತಗ್ಗಿಸಬೇಕು. ನಿಜವಾಗಿ ಚಟ ಹಿಡಿಸುವ ಅಪಾಯ ಇರುವುದು ಆತಂಕ ತಗ್ಗಿಸಲು ಕೊಡುವ ಆಲ್‌ಪ್ರಜೋಲಾಂನಂಥ ಗುಳಿಗೆಗಳಲ್ಲಿ. ನಿದ್ದೆಗೆಂದು ಅವನ್ನು ತಾವಾಗಿಯೇ ನುಂಗುವವರು ಎಚ್ಚರ ವಹಿಸಬೇಕು.

ಆತ್ಮಹತ್ಯೆಯ ಬಗ್ಗೆ ಕೇಳಿದರೆ ಆ ಯೋಚನೆಯನ್ನು ನಾವೇ ಬಿತ್ತಿದಂತೆ ಎಂಬ ಹೆದರಿಕೆಯೂ ಬೇಡ. ‘ಸಾಯಬೇಕು ಅನ್ನಿಸ್ತಿದೆಯಾ?’ ಎಂದು ನೇರವಾಗಿ, ಮೆತ್ತಗೆ ಕೇಳಿ. ಹೌದೆಂದರೆ ಒಬ್ಬರನ್ನೇ ಬಿಡಬೇಡಿ. ಕೀಟನಾಶಕ, ಮಾತ್ರೆಗಳು ಕೈಗೆ ಸಿಗದಂತೆ ತೆಗೆದಿಟ್ಟು, ಕೂಡಲೇ ವೈದ್ಯರ ಬಳಿಗೆ ಜೊತೆಯಲ್ಲೇ ಹೋಗಿ.