ಕಾಮಗಾರಿ ಫಲಕದಲ್ಲಿ ಇನ್ನೊಂದು ಸಾಲು ಇರಲಿ

ಮಾನ್ಯ ಸಂಪಾದಕರೇ,

ಮಾರ್ಚ್ ಬಂದರೆ ದಾವಣಗೆರೆಯ ಬಡಾವಣೆಗಳಲ್ಲಿ ಜೆಸಿಬಿ ಸದ್ದು ಜಾಸ್ತಿಯಾಗುತ್ತದೆ. ನಿಟುವಳ್ಳಿಯ ನಮ್ಮ ಬೀದಿಯಲ್ಲಿ ಫುಟ್‌ಪಾತಿನ ಟೈಲ್ಸ್ ಕಿತ್ತು ಹೊಸದು ಹಾಕಿದರು. ಹಳೆಯವು ಒಡೆದಿರಲಿಲ್ಲ, ಬಣ್ಣ ಕೂಡ ಮಾಸಿರಲಿಲ್ಲ. ಯಾಕಪ್ಪಾ ಅಂತ ಮೇಸ್ತ್ರಿಯನ್ನು ಕೇಳಿದೆ. 'ಅನುದಾನ ಲ್ಯಾಪ್ಸ್ ಆಗುತ್ತಂತೆ ಸಾರ್' ಅಂದ. ಅಂದರೆ ಮಾರ್ಚ್ 31ರೊಳಗೆ ಖರ್ಚಾಗದಿದ್ದರೆ ಹಣ ಕೈತಪ್ಪುತ್ತದೆ.

ನಾನು ನೌಕರಿ ಮಾಡಿದ್ದು ಖಜಾನೆಯಲ್ಲಿ. ಈ ಮಾತು ಕೇಳಿ ಕೇಳಿ ಸಾಕಾಗಿದೆ. ಮಾರ್ಚ್ 31ರ ರಾತ್ರಿ ಕೌಂಟರ್ ಮುಂದೆ ಬಿಲ್ಲಿನ ಕಟ್ಟು ಹಿಡಿದವರು ಮುಗಿಬೀಳುತ್ತಿದ್ದರು. ವರ್ಷವಿಡೀ ಮಲಗಿದ್ದ ಹಣಕ್ಕೆ ಕೊನೆಯ ವಾರ ಇದ್ದಕ್ಕಿದ್ದಂತೆ ಕಾಲು ಬರುತ್ತಿತ್ತು. ಖರ್ಚು ಮಾಡಲು ಆಗದವರು ಡ್ರಾ ಮಾಡಿ ಠೇವಣಿ ಖಾತೆಗೆ ಹಾಕಿಡುತ್ತಿದ್ದರು. ಲೆಕ್ಕದಲ್ಲಿ ಖರ್ಚಾಯಿತು, ಊರಿಗೆ ಏನೂ ಬರಲಿಲ್ಲ. ಸರ್ಕಾರಿ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಗಳು ಇದನ್ನು ಮತ್ತೆ ಮತ್ತೆ ಬರೆದಿವೆ. ಓದುವವರು ಯಾರು? ಈಗ ಖಜಾನೆ-2 ಅನ್ನುವ ಆನ್‌ಲೈನ್ ವ್ಯವಸ್ಥೆ ಬಂದು ಎಲ್ಲ ಕಂಪ್ಯೂಟರಿನಲ್ಲೇ ಆಗುತ್ತದೆ. ನೂಕುನುಗ್ಗಲು ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

2025-26ರ ರಾಜ್ಯ ಬಜೆಟ್ ಗಾತ್ರ 4.09 ಲಕ್ಷ ಕೋಟಿ ರೂಪಾಯಿ. ಅದರಲ್ಲಿ 1.16 ಲಕ್ಷ ಕೋಟಿ ಸಾಲ. ಅಂದರೆ ರೂಪಾಯಿಗೆ 28 ಪೈಸೆ. ಹಳೆ ಸಾಲದ ಅಸಲು ಕಟ್ಟೋದಕ್ಕೂ ಇದರಲ್ಲೇ ಒಂದು ಪಾಲು ಹೋಗುತ್ತದೆ. ರಾಜ್ಯದ ಒಟ್ಟು ಹೊಣೆ, ಅಂದರೆ ತೀರಿಸಬೇಕಾದ ಬಾಕಿಯೆಲ್ಲ ಸೇರಿ, 7.64 ಲಕ್ಷ ಕೋಟಿ ದಾಟುತ್ತದೆ ಅಂತ ಬಜೆಟ್ಟೇ ಹೇಳಿತ್ತು. ಅದು ರಾಜ್ಯದ ಒಟ್ಟು ಉತ್ಪನ್ನದ ಶೇ 24.91. ಕಾನೂನಿನ ಮಿತಿ ಇರುವುದು ಶೇ 25. ಮಿತಿಯೊಳಗೇ ಇದ್ದೇವೆ ಅನ್ನುತ್ತಾರೆ, ಸರಿ. ಆದರೆ ಅದೇ ಬಜೆಟ್ಟಿನಲ್ಲಿ 19,262 ಕೋಟಿ ರಾಜಸ್ವ ಕೊರತೆಯೂ ಇತ್ತಲ್ಲ, ಅಂದರೆ ದಿನನಿತ್ಯದ ಖರ್ಚಿಗೇ ಆದಾಯ ಸಾಲದು. ಅಷ್ಟರ ಮಟ್ಟಿಗೆ ಇದು ಕೈಗಡ ತಂದು ದಿನಸಿ ತರುವ ಸಂಸಾರ.

ನಮ್ಮ ಬೀದಿಯ ಟೈಲ್ಸಿಗೆ ಬಂದದ್ದು ಸಾಲದ ಹಣವೇ ಅಂತ ಗುರುತು ಮಾಡಿ ಹೇಳಲು ಆಗುವುದಿಲ್ಲ. ತೆರಿಗೆಯೂ ಸಾಲವೂ ಬೀಳುವುದು ಸಂಚಿತ ನಿಧಿ ಅನ್ನುವ ಸರ್ಕಾರದ ಒಂದೇ ಹುಂಡಿಗೆ. ಹಾಗಾಗಿ ಒಂದು ಕಡೆ ಪೋಲಾದರೆ ಇನ್ನೊಂದು ಕಡೆ ಅಷ್ಟು ಸಾಲ ಏರುತ್ತದೆ. ರಿಸರ್ವ್ ಬ್ಯಾಂಕ್ ಮೂಲಕ ಹರಾಜಿಗೆ ಹೋಗುವ ರಾಜ್ಯದ ಸಾಲಪತ್ರಗಳ ಅವಧಿ ಸಾಮಾನ್ಯವಾಗಿ ಹತ್ತು ವರ್ಷ, ಇನ್ನೂ ಜಾಸ್ತಿಯೂ ಇರುತ್ತದೆ. ಟೈಲ್ಸ್ ಅಷ್ಟು ವರ್ಷ ಬಾಳುತ್ತವಾ? ಬಾಳಿದರೂ ಇವರು ಬಿಡುತ್ತಾರಾ? ಬಡ್ಡಿಗೆಂದೇ ಸರ್ಕಾರಿ ಲೆಕ್ಕದಲ್ಲಿ 2049 ಅನ್ನುವ ಸಂಖ್ಯೆಯ ಶೀರ್ಷಿಕೆ ಇದೆ. ಅದಕ್ಕೆ ಸದನದ ಮತವೂ ಬೇಕಿಲ್ಲ. ಶಾಲೆ, ಆಸ್ಪತ್ರೆಯ ಹಣ ತಡವಾದೀತು, ಬಡ್ಡಿಯನ್ನಂತೂ ಹೊತ್ತಿಗೆ ಸರಿಯಾಗಿ ಕಟ್ಟಲೇಬೇಕು.

ಗ್ಯಾರಂಟಿಗಳನ್ನು ಬೈಯೋಕೆ ಈ ಪತ್ರ ಬರೆಯುತ್ತಿಲ್ಲ. ಪಕ್ಕದ ಮನೆಯ ಹೆಣ್ಣುಮಗಳು ಗೃಹಲಕ್ಷ್ಮಿಯ 2,000 ರೂಪಾಯಿಯಲ್ಲಿ ಗಂಡನ ಶುಗರ್ ಮಾತ್ರೆ ತರುತ್ತಾಳೆ. ನನ್ನ ಪಿಂಚಣಿ ಬರುವುದೂ ಸರ್ಕಾರದಿಂದಲೇ. ಪೋಲಾಗುವುದು ಬೇರೆ ಕಡೆ.

ಸಾಲವೇ ಬೇಡ ಅಂತಲೂ ಅಲ್ಲ. ನಾನು ಹುಟ್ಟಿದ್ದು ಜಗಳೂರು ತಾಲೂಕಿನಲ್ಲಿ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ನೀರು ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾದವರ ಊರು. ತಡವಾಗುತ್ತಾ ಹೋದ ಈ ಯೋಜನೆಯ ಅಂದಾಜು 12,340 ಕೋಟಿಯಿಂದ 21,473 ಕೋಟಿಗೆ ಏರಿತು. ಕೇಂದ್ರ 2023ರ ಬಜೆಟ್ಟಿನಲ್ಲಿ ಘೋಷಿಸಿದ 5,300 ಕೋಟಿ 2025ರ ಬಜೆಟ್ ಹೊತ್ತಿಗೂ ಬಂದಿರಲಿಲ್ಲ. ಇಲ್ಲಿ ತಡವೇ ದೊಡ್ಡ ದುಂದು. ಸಾಲ ಮಾಡಿಯಾದರೂ ಬೇಗ ಮುಗಿಸಲಿ, ನನ್ನ ತಕರಾರಿಲ್ಲ. ಹಿರಿಯೂರಿನ ವಾಣಿವಿಲಾಸ ಸಾಗರ ಅಣೆಕಟ್ಟು 1907ರದ್ದು, ಇವತ್ತಿಗೂ ನೀರು ಕೊಡುತ್ತಿದೆ.

ನಾನು ಕೇಳುವುದು ಚಿಕ್ಕದು. ಕಾಮಗಾರಿ ಫಲಕದಲ್ಲಿ ಈಗ ಕೆಲಸದ ಹೆಸರು, ಮೊತ್ತ, ಗುತ್ತಿಗೆದಾರರ ಹೆಸರು ಬರೆಯುತ್ತಾರೆ. ಜನಪ್ರತಿನಿಧಿಗಳ ಫೋಟೊಗಂತೂ ಜಾಗ ಕಡಿಮೆ ಬೀಳುವುದಿಲ್ಲ. ಅದರ ಕೆಳಗೆ 'ಇದೇ ಜಾಗದಲ್ಲಿ ಹಿಂದಿನ ಕೆಲಸ ಆದದ್ದು ಯಾವಾಗ, ಎಷ್ಟು ಹಣದಲ್ಲಿ' ಅಂತಲೂ ಬರೆಯಲಿ. ಎಂಜಿನಿಯರ್ ಹತ್ತಿರ ಆದ ಕೆಲಸದ ಅಳತೆ ಬರೆದಿಟ್ಟ ಹಳೆ ಅಳತೆ ಪುಸ್ತಕ ಇದ್ದೇ ಇರುತ್ತದೆ, ಹುಡುಕಬೇಕಾಗಿಲ್ಲ. ಈ ಸಾಲು ಇಲ್ಲದ ಕೆಲಸದ ಬಿಲ್ಲನ್ನು ಮಾರ್ಚ್‌ನಲ್ಲಿ ಪಾಸು ಮಾಡಬಾರದು ಅಂತ ಹಣಕಾಸು ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ. ನಮ್ಮ ಜಿಲ್ಲೆಯ ಶಾಸಕರು ಯಾರಾದರೂ ಇದನ್ನು ಸದನದಲ್ಲಿ ಕೇಳುತ್ತಾರಾ?

– ನಿವೃತ್ತ ಖಜಾನೆ ನೌಕರ, ನಿಟುವಳ್ಳಿ, ದಾವಣಗೆರೆ